ಜೋಡಿಯಿಲ್ಲದ ಪಟ

ದೇವರ ಪಟ ಕಣ್ಣು ಬಿಟ್ಟಿತು, ವಿಗ್ರಹ ಬೆವರಿತು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಕೆಲಸವಿಲ್ಲದವರ ಮಾತು ಎನ್ನುತ್ತಿದ್ದೆ. ಈಗ ನೀವು ನನ್ನನ್ನೂ ಹಾಗೆ ಅಂದರೆ ಅನ್ನಿ.

ಆಗ ಊರಿಗಾಮಿನಲ್ಲಿ ಚಿನ್ನದ ಗಣಿಯ ಬಿಳಿ ದೊರೆಯೊಬ್ಬನ ಬಂಗಲೆಯಲ್ಲಿ ಕಸ ಗುಡಿಸುತ್ತಿದ್ದೆ. ಗಣಿಯ ಧೂಳು ಎದೆಗೆ ಹತ್ತಿ ಗಂಡ ಹಾಸಿಗೆ ಹಿಡಿದಿದ್ದ. ಮನೆ ನಡೆಯುತ್ತಿದ್ದುದು ನನ್ನ ಪೊರಕೆಯಿಂದಲೇ.

ದೊರೆಯ ಕೋಣೆಯಲ್ಲಿ ಒಂದು ಗೋಡೆಗೆ ಅವರ ಸೀಮೆಯ ಪಟಗಳು, ಎಲ್ಲ ಬೆತ್ತಲೆ ಹೆಂಗಸರು. ಒಬ್ಬಳ ಕೂದಲು ಮರದ ಬೇರಾಗಿ ನೆಲಕ್ಕಿಳಿದಿತ್ತು. ಅವಳನ್ನು ತಬ್ಬಿದವನಿಗೆ ಮೀನಿನ ತಲೆ. ಮೊದಲ ದಿನ ಥೂ ಅಂದೆ. ನೋಡನೋಡುತ್ತಾ ಬರೆದವನ ಕೈ ಮೆಚ್ಚಿದೆ. ಹೆತ್ತ ಹೊಟ್ಟೆಯ ಮಡಿಕೆಯನ್ನೂ ಬಿಟ್ಟಿರಲಿಲ್ಲ ಅವನು. ನಾಚಿಕೆಯೂ ಇಲ್ಲ, ಸುಳ್ಳೂ ಇಲ್ಲ. ಎದುರು ಗೋಡೆಗೆ ಜಪಾನಿನವು: ಬೆಟ್ಟ, ಕಡಲು, ಸೇತುವೆಯ ಮೇಲೆ ಓರೆಯಾಗಿ ಸುರಿಯುವ ಮಳೆ. ಬಣ್ಣಕ್ಕೊಂದು ಮರದ ಹಲಗೆ ಕೆತ್ತಿ ಒತ್ತುತ್ತಾರಂತೆ. ಮಳೆಯನ್ನು ಕೂದಲೆಳೆಯಷ್ಟು ಸಣ್ಣಗೆ ಕೆತ್ತಿದ ಆ ಕೈಗೆ ನಮಸ್ಕಾರ ಹಾಕಬೇಕು.

ಪಾದ್ರಿ ಟೀಗೆ ಬರುವ ದಿನ ಬೆತ್ತಲೆ ಪಟಗಳನ್ನು ಇಳಿಸಿ, ಎರಡೆರಡನ್ನು ಮುಖಕ್ಕೆ ಮುಖ ಸೇರಿಸಿ ಮೂಲೆಗೆ ಒರಗಿಸುವುದು ನನ್ನ ಕೆಲಸ. "ಪಾದ್ರಿ ಬತ್ತಾವ್ನೆ, ನಿನ್ ತಂಗೀರ್ಗೆ ಸೀರೆ ಉಡ್ಸಮ್ಮೀ" ಎಂದು ಬಟ್ಲರ್ ರೇಗಿಸುತ್ತಿದ್ದ. ಆ ಬೇಸಿಗೆಯಲ್ಲಿ ಹೊಸದೊಂದು ಬಂದು ಪಟಗಳು ಐದಾಗಿದ್ದವು. ಬೇರುಗೂದಲಿನವಳಿಗೆ ಜೋಡಿಯಿಲ್ಲ. ಒಂಟಿಯಾಗಿ ಗೋಡೆಗೆ ಮುಖ ಮಾಡಿ ಇಟ್ಟರೆ ಗಾಜು ಉಜ್ಜಿ ಗೀರು ಬಿದ್ದೀತೆಂದು ಮಳೆಯ ಪಟವನ್ನೇ ಇಳಿಸಿ ಅವಳಿಗೆ ಜೋಡಿ ಮಾಡಿದೆ.

ಪಾದ್ರಿ ಹೋದ ಮೇಲೆ ಬಿಡಿಸಿ ನೋಡಿದರೆ, ಅವಳ ಕೂದಲ ಮೇಲೆ, ಹೆಗಲ ಮೇಲೆ, ಓರೆಯಾಗಿ ನೀರಿನ ಹನಿ.

"ಪಟಕ್ಕೆ ಒದ್ದೆ ಬಟ್ಟೆ ಆಕ್ಬ್ಯಾಡ ಅಂತ ಎಷ್ಟ್ ಸಲ ಏಳಿಲ್ಲ? ದೊರೆ ಇವತ್ತೇ ನಿನ್ನ ಓಡುಸ್ತಾನೆ ನೋಡು!" ಎಂದು ಬಟ್ಲರ್ ಕೂಗಾಡಿದ.

ಕೆಲಸ ಹೋದರೆ ಗಂಡನಿಗೆ ಗಂಜಿಯೂ ಇಲ್ಲ. ಸೆರಗಿನಿಂದ ಉಜ್ಜಿದೆ. ಒಂದು ಹನಿಯೂ ಅಲುಗಲಿಲ್ಲ.

"ಮುಟ್ಟಿ ನೋಡಣ್ಣ. ನೀರು ಗಾಜಿನೊಳಗೈತೆ."

ಮುಟ್ಟಿದ. ಬೆರಳು ಒಣಗಿಯೇ ಇತ್ತು.

ಗಲಾಟೆ ಕೇಳಿ ದೊರೆಯೇ ಬಂದ. ಪಟದ ಹಿಂದಿನ ಮೊಳೆ ಕಿತ್ತು ಕಾಗದ ಮುಟ್ಟಿದ, ಬೆರಳು ಒದ್ದೆಯಾಯಿತು. ಮಳೆಯ ಪಟವನ್ನೂ ಬಿಚ್ಚಿದ. ಬೂದಿಯ ಹಾಗೆ ಒಣಗಿತ್ತು. ನನ್ನ ಕಡೆ ತಿರುಗಿ, "ನಾಳೆ ಕೆಲಸಕ್ಕೆ ಬಾ" ಎಂದು ತನ್ನ ಅರ್ಧಂಬರ್ಧ ತಮಿಳಿನಲ್ಲಿ ಹೇಳಿದ.

ಶೆಖೆಗೆ ಗಾಜಿನೊಳಗೆ ತೇವ ಕಟ್ಟುತ್ತದೆ ಎನ್ನುತ್ತಾನೆ ನನ್ನ ಮಗ. ಕಟ್ಟಬಹುದು. ಓರೆಯಾಗಿ ಕಟ್ಟುತ್ತದೆಯೇ? ನನಗೆ ಇವತ್ತಿಗೂ ತಿಳಿಯದು. ದೊರೆಗೂ ತಿಳಿಯಲಿಲ್ಲ, ತಿಳಿದಿದ್ದರೆ ತಪ್ಪು ನನ್ನದೆಂದು ಹೇಳಿ ಕೆಲಸದಿಂದ ತೆಗೆಯುತ್ತಿದ್ದ.