ಹುಲಿಗೆಮ್ಮನ ಸುಸ್ತು

ಕೋವಿಡ್ ಇಳಿದ ಮರುವರ್ಷ ನಾನು ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಫಿಜಿಷಿಯನ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ಹೊರರೋಗಿಗಳ ಸಾಲಿನಲ್ಲಿ ಅರ್ಧದಷ್ಟು ಜನ ಹೇಳುತ್ತಿದ್ದುದು ಸುಸ್ತಿನ ಮಾತನ್ನೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರದೂ ಅದೇ, ಯಶವಂತನಗರದ ಅದಿರು ಲಾರಿ ಚಾಲಕರದೂ ಅದೇ. ಕೇಳಿ ಕೇಳಿ ಮಧ್ಯಾಹ್ನದ ಹೊತ್ತಿಗೆ ನನಗೂ ಏಳಲಾಗುತ್ತಿರಲಿಲ್ಲ.

ಅಂಥ ಒಂದು ದಿನ ಮೆಟ್ರಿ ಎಂಬ ಹಳ್ಳಿಯಿಂದ ಹುಲಿಗೆಮ್ಮ ಎಂಬಾಕೆಯನ್ನು ಆಟೋದಲ್ಲಿ ಮಲಗಿಸಿ ತಂದರು. ವಯಸ್ಸು ಮೂವತ್ತರ ಆಸುಪಾಸು, ಆದರೆ ನಲವತ್ತೈದು ದಾಟಿದಂತೆ ಕಾಣುತ್ತಿದ್ದಳು. ಹುಬ್ಬಿನ ಕೂದಲು ಉದುರಿತ್ತು, ಮುಖ ಬಿಳಿಚಿತ್ತು, ಬಿಸಿಲುಗಾಲದಲ್ಲೂ ಕೌದಿ ಹೊದ್ದಿದ್ದಳು. ವಾಂತಿ ನಿಂತಿರಲಿಲ್ಲ. ಬಿಪಿ ಎಂಬತ್ತಕ್ಕೆ ಐವತ್ತು, ರಕ್ತದ ಸಕ್ಕರೆ ನಲವತ್ತೆಂಟು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು.

ಗ್ಲೂಕೋಸ್, ಸಲೈನ್ ಹಾಕಿಸಿ, ಜೊತೆಗೆ ಬಂದಿದ್ದ ಅವಳ ಅತ್ತೆ ಗಂಗಮ್ಮನನ್ನು ವಿಚಾರಿಸಿದೆ. ಸೊಸೆಗೆ ವರ್ಷಗಳಿಂದ ಕೆಲಸವಾಗುತ್ತಿಲ್ಲ, ನಾಟಿಗೆ ಹೋದರೆ ಸ್ವಲ್ಪ ಹೊತ್ತಿಗೇ ಬದುವಿನ ಮೇಲೆ ಕೂತುಬಿಡುತ್ತಾಳೆ ಎಂದಳು. ತವರಿಗೆ ಕಳಿಸುವ ಮಾತಾಗಿತ್ತಂತೆ. ಮಗನಿಗೆ ಸಂಡೂರಿನ ಕಡೆ ಇನ್ನೊಂದು ಹೆಣ್ಣು ನೋಡಿದ್ದರಂತೆ. ಇದನ್ನು ಸಿಟ್ಟಿಲ್ಲದೆ ಹೇಳಿದಳು. ಅವಳೂ ದಣಿದಿದ್ದಳು.

ಎರಡು ವಾರದ ಹಿಂದೆ ಬೇರೆಡೆ ತೋರಿಸಿದಾಗ, ಥೈರಾಯ್ಡ್ ಹಾರ್ಮೋನ್ ಕಡಿಮೆ ಎಂದು ಮಾತ್ರೆ ಕೊಟ್ಟಿದ್ದರು. ಅದನ್ನು ನುಂಗತೊಡಗಿದ ಮೇಲೆ ಆಕೆ ಇನ್ನಷ್ಟು ಕುಸಿದಿದ್ದಳು. ನಾನು ಅಲ್ಲಿಯೇ ತಡೆದು ನಿಂತೆ. ಥೈರಾಯ್ಡ್ ಸೋತಾಗ ಅದನ್ನು ಎಬ್ಬಿಸಲು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಅವರು ತಂದಿದ್ದ ಹಳೆಯ ವರದಿಯಲ್ಲಿ ಈಕೆಯ ಟಿಎಸ್‌ಎಚ್ ಏರಿರಲೇ ಇಲ್ಲ. ಹಾಗಾದರೆ ಸೋತಿರುವುದು ಪಿಟ್ಯುಟರಿಯೇ?

ಹೆರಿಗೆ ಹೇಗಾಯಿತು ಎಂದು ಕೇಳಿದೆ.

“ಮನಿಯಾಗ ಆತ್ರಿ. ಭಾಳ ರಕ್ತ ಹೋತು. ಉಳಿಯಂಗಿಲ್ಲ ಅಂತ ತಿಳಿದಿದ್ವಿ,” ಎಂದಳು ಗಂಗಮ್ಮ.

“ಕೂಸಿಗೆ ಹಾಲು ಬಂತಾ?”

“ಒಂದು ಹನಿನೂ ಬರ್ಲಿಲ್ರಿ. ಎಮ್ಮಿ ಹಾಲು ಹಾಕಿ ನಾನ ಬೆಳೆಸೀನಿ.”

ಮುಟ್ಟೂ ಅಂದೇ ನಿಂತಿತ್ತು. ಆರು ವರ್ಷದಿಂದ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಇದಕ್ಕೆ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ ಪಿಟ್ಯುಟರಿಗೆ ರಕ್ತ ಸಾಲದೆ ಅದು ಸಾಯುತ್ತದೆ. ಅದರ ಅಪ್ಪಣೆಯಿಲ್ಲದೆ ಥೈರಾಯ್ಡ್ ಮಾತ್ರವಲ್ಲ, ಜೀವ ಹಿಡಿದಿಡುವ ಕಾರ್ಟಿಸೋಲ್ ಕೂಡ ಬತ್ತುತ್ತದೆ. ಕಾರ್ಟಿಸೋಲ್ ತುಂಬಿಸುವ ಮೊದಲು ಥೈರಾಯ್ಡ್ ಮಾತ್ರೆ ಕೊಟ್ಟರೆ ದೇಹ ಕುಸಿಯುತ್ತದೆ. ಪರೀಕ್ಷೆಗೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ, ಕಾರ್ಟಿಸೋಲಿಗೆ ಬದಲಿಯಾದ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟೆವು. ಮರುದಿನ ಹುಲಿಗೆಮ್ಮ ಎದ್ದು ಕೂತು ಗಂಜಿ ಕೇಳಿದಳು. ಆಮೇಲೆ ಬಂದ ವರದಿಯೂ ಬಳ್ಳಾರಿಯ ಸ್ಕ್ಯಾನೂ ನಮ್ಮ ಊಹೆ ಸರಿಯೆಂದವು.

ಕಾಯಿಲೆಯನ್ನು ವಿವರಿಸಲು ಹೋದಾಗ ಆಕೆ ಪೂರ್ತಿ ಕೇಳಲಿಲ್ಲ. “ನಾನು ಮೈಗಳ್ಳಿ ಅಲ್ಲ ಅಂತ ಅವರಿಗೆ ನೀವು ಒಂದ್ಸಲ ಹೇಳ್ರಿ ಮೇಡಂ. ನಾ ಹೇಳಿದ್ರ ನಂಬಂಗಿಲ್ಲ,” ಎಂದಳು.

ಸಂಜೆ ಅವಳ ಗಂಡ ಶರಣಪ್ಪ ಬಂದ. ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ತಾಯಿ ಮಗ ಇಬ್ಬರನ್ನೂ ಹಾಸಿಗೆಯ ಪಕ್ಕ ನಿಲ್ಲಿಸಿ, ಮೊದಲು ಆಕೆ ಕೇಳಿದ ಮಾತನ್ನೇ ಹೇಳಿದೆ. ನಂತರ ಉಳಿದದ್ದು: ಮೊದಲು ಸ್ಟೀರಾಯ್ಡ್ ಮಾತ್ರೆ, ಕೆಲವು ದಿನದ ಮೇಲೆ ಥೈರಾಯ್ಡ್, ಎರಡೂ ಜೀವವಿರುವ ತನಕ, ಸ್ಟೀರಾಯ್ಡ್ ಒಂದು ದಿನವೂ ತಪ್ಪುವಂತಿಲ್ಲ, ಜ್ವರ ಬಂದರೆ ಇಮ್ಮಡಿ, ವಾಂತಿಯಾದರೆ ತಕ್ಷಣ ಆಸ್ಪತ್ರೆ. ಶರಣಪ್ಪ ತಲೆ ತಗ್ಗಿಸಿ ನಿಂತಿದ್ದ. ಗಂಗಮ್ಮ ಸೊಸೆಯ ಕಾಲ ಮೇಲಿನ ಕೌದಿ ಸರಿಪಡಿಸಿದಳು.

ಸಂಡೂರಿನ ಮಾತುಕತೆ ಅಲ್ಲಿಗೇ ನಿಂತಿತು. ಪ್ರೀತಿಯಿಂದಲೋ ನಾಚಿಕೆಯಿಂದಲೋ, ನಾನು ಕೇಳಲಿಲ್ಲ. ಹೋದ ಆರು ವರ್ಷಗಳಿಗೆ ನನ್ನಲ್ಲಿ ಔಷಧವಿರಲಿಲ್ಲ. ಹುಲಿಗೆಮ್ಮನ ಮಗಳು ‘ಅವ್ವಾ’ ಎಂದು ಕರೆಯುತ್ತಿದ್ದುದು ಗಂಗಮ್ಮನನ್ನು.

ನಾನು ನಿವೃತ್ತಳಾಗುವ ಮುನ್ನ ಹುಲಿಗೆಮ್ಮ ಒಬ್ಬಳೇ ಬಸ್ಸು ಹಿಡಿದು ಬಂದಿದ್ದಳು. ಈಗ ಹೇಗಿದ್ದೀ ಎಂದೆ.

“ಈಗೂ ಸುಸ್ತಾಗತೈತ್ರಿ. ಆದ್ರ ನಾಟಿ ಮುಗಿಸಿದ ಮ್ಯಾಲ ಆಗತೈತಿ.”

ಕೆಲಸ ಮಾಡಿ ಬಂದ ದಣಿವಿಗೆ ನಿದ್ದೆ ಸಾಕು. ಕೆಲಸಕ್ಕೆ ಮೊದಲೇ ಬಂದು ಕೂತ ದಣಿವಿಗೆ ಕಾರಣ ಹುಡುಕಬೇಕು, ಹುಡುಕುವವರು ಎಷ್ಟೇ ದಣಿದಿರಲಿ.