ಬ್ಯಾಡ ಅನ್ನಲಾರದ ಬಕ್ಕಪ್ಪ

ಬಕ್ಕಪ್ಪನವರು ಮೂವತ್ತೊಂದು ವರ್ಷ ಹುಮನಾಬಾದ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿದವರು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವರು ಬಸ್ಸು ರದ್ದಾಗಿದೆ ಎಂದು ಹೇಳಲಿಲ್ಲ. "ಸ್ವಲ್ಪ ತಡವಾಗಿ ಬರಲಿದೆ, ದಯವಿಟ್ಟು ಸಹಕರಿಸಿರಿ" ಎನ್ನುವರು. ಆ ದನಿ ನಂಬಿ ಬೇಮಳಖೇಡದ ಮಂದಿ ಚುರುಮುರಿ ತಿನ್ನುತ್ತ ಮೂರು ತಾಸು ಕೂತು, ಕೊನೆಗೆ ಜೀಪು ಹತ್ತಿ ಹೋಗುತ್ತಿದ್ದರು. ಹೋಗುವಾಗ ಬಸ್ಸಿಗೆ ಬೈಯುವರು, ಬಕ್ಕಪ್ಪನವರಿಗೆ ಕೈ ಮುಗಿಯುವರು. ವ್ಯಾಪಾರದಲ್ಲಿದ್ದಿದ್ದರೆ ಈ ಮನುಷ್ಯ ಒಂದೋ ಲಕ್ಷಾಧೀಶನಾಗುತ್ತಿದ್ದ, ಇಲ್ಲವೇ ಒಂದೇ ವಾರದಲ್ಲಿ ಅಂಗಡಿ ಮುಚ್ಚುತ್ತಿದ್ದ.

ಇಂಥವರು ಇಪ್ಪತ್ತೆರಡು ವರ್ಷದಿಂದ 'ಬಿಳಿಜೋಳ' ಎಂಬ ಸಾಹಿತ್ಯ ಪತ್ರಿಕೆಯ ಸಂಪಾದಕರು. ಮೂರು ತಿಂಗಳಿಗೊಂದು ಸಂಚಿಕೆ, ನಲವತ್ತೆಂಟು ಪುಟ. ಸಂಪಾದಕರು ಮೂವರು. ಒಬ್ಬರು ಬಕ್ಕಪ್ಪ. ಇನ್ನೊಬ್ಬ ಬಸವಕಲ್ಯಾಣದ ಟೇಲರ್ ಸಲಾವುದ್ದೀನ್. ಮೂರನೆಯವನು ತೊಗರಿಬೇಳೆ ಮಾರುವ ನಾನು. ಪತ್ರಿಕೆಯ ಕಟ್ಟುಗಳನ್ನು ಇಲಿ, ನೀರು ಮುಟ್ಟದಂತೆ ಇಡಲು ಒಂದು ಗೋದಾಮು ಬೇಕಿತ್ತು. ನನ್ನ ಹತ್ತಿರ ಇತ್ತು. ಕನ್ನಡದಲ್ಲಿ ಇದಕ್ಕಿಂತ ಸಣ್ಣ ಅರ್ಹತೆಯ ಮೇಲೆ ಸಂಪಾದಕರಾದವರು ಇದ್ದಾರೆ. ಪಗಾರ ಯಾರಿಗೂ ಇಲ್ಲ, ಚಹಾ ಅವರವರದೇ.

ಬರಹ ಆರಿಸುವ ಪದ್ಧತಿ ಮಾತ್ರ ನಮ್ಮದೇ. ಹದಿನೈದು ದಿನಕ್ಕೊಮ್ಮೆ ಐತವಾರ ಮುಂಜಾನೆ ನಾವಿಬ್ಬರೂ ಬಸ್ಸು ಹತ್ತಿ ಕಲ್ಯಾಣಕ್ಕೆ ಹೋಗುವುದು. ಕೋಟೆಗೆ ಹೋಗುವ ದಾರಿಯಲ್ಲಿ ಸಲಾವುದ್ದೀನನ ಮನೆ, ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಬಕ್ಕಪ್ಪ ಬರೆದವರ ಹೆಸರು ಹೇಳದೆ ದೊಡ್ಡ ದನಿಯಲ್ಲಿ ಓದುವರು. ಸಲಾವುದ್ದೀನ್ ಮಷೀನು ತುಳಿಯುತ್ತ ಪ್ಯಾಂಟು ಹೊಲಿಯುವನು. ಓದುವಾಗ ಎಲ್ಲಾದರೂ ಮಷೀನು ನಿಂತರೆ ಆ ಬರಹ ಪಾಸು. ಕೊನೆತನಕ ಕಟಕಟ ಎನ್ನುತ್ತಲೇ ಇದ್ದರೆ ವಾಪಸು. "ದುಡಿಯೋ ಮನುಷ್ಯಾನ ಕೈ ನಿಲ್ಲಿಸಬೇಕು, ಅದು ಕತಿ" ಎನ್ನುವುದೊಂದೇ ಅವನ ವಿಮರ್ಶೆ. ಮೂವರೂ ಒಪ್ಪಬೇಕೆಂಬುದು ನಿಯಮ. ಆದರೆ ಬಕ್ಕಪ್ಪ ಕರುಣೆಯಿಂದ ಎಲ್ಲವನ್ನೂ ಒಪ್ಪುವರು, ನಾನು ಹಸಿವೆಯಾಗುತ್ತಿದ್ದುದರಿಂದ ಒಪ್ಪುತ್ತಿದ್ದೆ. ಜರಡಿ ಅಂತ ಇದ್ದದ್ದು ಸಲಾವುದ್ದೀನನ ಕಾಲು ಒಂದೇ.

ಬರಹ ವಾಪಸು ಬಂದವರು ಕೇಳಿದರೆ ಬಕ್ಕಪ್ಪನವರ ಉತ್ತರ ತಯಾರಿರುತ್ತಿತ್ತು. "ನನಗೇನೋ ಭಾಳ ಸೇರಿತ್ರಿ. ಆದ್ರ ಮಷೀನ್ ನಿಲ್ಲಲಿಲ್ಲ, ನಾ ಏನ್ ಮಾಡ್ಲಿ?" ಕವಿಗಳು ಸಿಟ್ಟಿಗೆದ್ದು ಬೇರೆ ಟೇಲರ್ ಹತ್ತಿರ ಬಟ್ಟೆ ಹಾಕುವರು. ಆರು ತಿಂಗಳಿಗೆ, ಸೊಂಟದಲ್ಲಿ ನಿಲ್ಲದ ಪ್ಯಾಂಟು ಹಿಡಿದುಕೊಂಡು, ತಿರುಗಿ ಅವನಲ್ಲಿಗೇ ಬರುವರು.

ಹೋದ ವರ್ಷ ಶ್ರಾವಣದಲ್ಲಿ ಸಲಾವುದ್ದೀನನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಉಳಿದದ್ದು ಎಡಗೈ ಮತ್ತು ಒಂದು ನಗು. ದವಾಖಾನೆಯಿಂದ ಮನೆಗೆ ಬಂದ ಮೊದಲ ಐತವಾರವೇ ಬಕ್ಕಪ್ಪ ಹನ್ನೊಂದು ಬರಹದ ಕಟ್ಟು ಹಿಡಿದು ಹಾಜರು.

"ಉಸ್ತಾದ್, ಇನ್ನ ಮಷೀನಿನ ಕೆಲಸ ಇಲ್ಲ. ಚಲೋ ಅನಿಸಿದ್ರ ಎಡಗೈ ಎತ್ತು."

ಮೊದಲ ಕತೆಗೆ ಕೈ ಎದ್ದಿತು. ಎರಡನೆಯದಕ್ಕೂ ಎದ್ದಿತು. ಹನ್ನೊಂದಕ್ಕೂ ಎದ್ದಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಬಕ್ಕಪ್ಪನವರ ಸಂಭ್ರಮ ನೋಡಬೇಕಿತ್ತು. "ಈ ಸಲ ಎಂಥೆಂಥಾ ಬರಹ ಬಂದಾವ ನೋಡ್ರಿ ಸಾಹುಕಾರ್ರ!"

ಹನ್ನೊಂದು ಚೀಲದಲ್ಲಿ ಒಂದರಲ್ಲೂ ಕಲ್ಲು ಸಿಗದಿದ್ದರೆ ವ್ಯಾಪಾರಿಯಾದವನು ಚೀಲವನ್ನು ಹೊಗಳುವುದಿಲ್ಲ, ಜರಡಿಯನ್ನು ನೋಡುತ್ತಾನೆ.

ಮುಂದಿನ ಸಲ ನಾನೇ ಓದುತ್ತೇನೆಂದೆ. ಕಿಸೆಯಿಂದ ಕೀಟನಾಶಕದ ಚೀಟಿ ತೆಗೆದೆ. "ಗಾಳಿಯ ದಿಕ್ಕಿಗೆ ಎದುರಾಗಿ ಸಿಂಪಡಿಸಬೇಡಿರಿ, ಮಕ್ಕಳಿಂದ ದೂರವಿಡಿರಿ" ಎಂದು ರಾಗವಾಗಿ, ನಡುನಡುವೆ ತಡೆದು ಓದಿದೆ. ಸಲಾವುದ್ದೀನನ ಎಡಗೈ ಎದ್ದಿತು. ಪರದೆಯ ಹಿಂದೆ ಗುಂಡಿ ಹಚ್ಚುತ್ತಿದ್ದ ಅವನ ಹೆಂಡತಿ ಸುಗ್ರಾ ಕಿಸಕ್ಕನೆ ನಕ್ಕಳು. ಆಮೇಲೆ ನಗಲಿಲ್ಲ.

ಬಕ್ಕಪ್ಪ ನನ್ನನ್ನು ಹೊರಗೆ ಕರೆದರು. "ಅದನ್ನ ಯಾಕ್ ಓದಿದ್ರಿ?"

"ನೋಡಬೇಕಿತ್ತು."

"ನೋಡಿದ್ರಲ್ಲ. ಇನ್ನ ಏನ್ ಮಾಡೂನು, ಹೇಳ್ರಿ."

"ಮೂವರು ಒಪ್ಪಬೇಕು ಅನ್ನೋದು ಬಿಡೂನು. ನಾವಿಬ್ಬರೇ ಆರಿಸೂನು. ಅವನ ಹೆಸರು ಹಂಗೇ ಇರಲಿ."

"ಬರೇ ಹೆಸರಿಗೆ ಇರಾಕ ಅವನೇನ್ ಎಮ್ಮೆಲ್ಲೆ ಏನ್ರಿ?"

ಸುಗ್ರಾ ಬಾಗಿಲಿಗೆ ಬಂದು ನಿಂತಿದ್ದಳು. "ಭಾಯ್, ನೀವು ಬರ್ತೀರಂತ ಶನಿವಾರನೇ ದಾಡಿ ಮಾಡಿಸ್ಕೊತಾರ. ಐತವಾರ ಐದಕ್ಕೇ ಏಳ್ತಾರ. ನಗೋದಾದ್ರ ನಗ್ರಿ, ಓದೋದು ಬಿಡಬ್ಯಾಡ್ರಿ." ಇಷ್ಟು ಹೇಳಿ ಚಹಾ ಇಡಲು ಒಳಗೆ ಹೋದಳು. ಅವನನ್ನು ಬಿಟ್ಟರೆ ಅವನ ಐತವಾರ ಹೋಗುತ್ತದೆ, ಇಟ್ಟುಕೊಂಡರೆ ಪತ್ರಿಕೆ ಹೋಗುತ್ತದೆ.

ಸುದ್ದಿ ಹಬ್ಬಲು ತಡವಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ವಾಪಸು ಹೋದದ್ದೆಲ್ಲ ಟ್ರಂಕಿನಿಂದ ಎದ್ದು, ಧೂಳು ಕೊಡವಿಕೊಂಡು, ನನ್ನ ಗೋದಾಮಿಗೆ ನಡೆದು ಬಂತು. ಎಲ್ಲಕ್ಕಿಂತ ದಪ್ಪನೆಯದು ರಾಜೇಶ್ವರದ ಮಹಾರುದ್ರಪ್ಪನವರದು. ಅವರು ಗೊಬ್ಬರದ ವ್ಯಾಪಾರಿ, ಒಳ್ಳೆಯ ಮನುಷ್ಯ, ಒಮ್ಮೆ ಕಾಶಿಗೆ ಹೋಗಿಬಂದವರು. ಆ ಪ್ರಯಾಣದ ಮೇಲೆ ಇನ್ನೂರು ಪದ್ಯ. ಆರು ಸಲ ವಾಪಸಾಗಿತ್ತು.

"ಈಗ ಮಷೀನ್ ನಿಂತದಂತಲ್ಲ, ಬಕ್ಕಪ್ಪನೋರ?" ಎಂದು ಅವರು ಖುಷಿಯಿಂದ ಕೇಳಿದರು. ತಾವೇನು ಕೇಳಿದೆವೆಂಬ ಕಲ್ಪನೆಯೂ ಅವರಿಗಿರಲಿಲ್ಲ.

ಬಕ್ಕಪ್ಪ ಬೆವರು ಒರೆಸಿಕೊಂಡು, "ಸ್ವಲ್ಪ ತಡ ಆಗ್ತದ್ರಿ" ಎಂದರು.

ಅವರು ಹೋದ ಮೇಲೆ ನಾನು ಜಂಬ ಕೊಚ್ಚಿದೆ. "ಬಿಡ್ರಿ, ನಾ ಹೇಳ್ತೀನಿ. ಕಲ್ಲಿದ್ದ ಬ್ಯಾಳಿ ನನ್ನ ಕಟ್ಟಿ ಹತ್ತಲ್ಲ. ದಿನಾ ಹತ್ತು ಮಂದಿಗೆ ಬ್ಯಾಡ ಅಂತೀನಿ, ಇವರದೇನು?"

ನಾಲ್ಕು ದಿನಕ್ಕೆ ಮಹಾರುದ್ರಪ್ಪನವರು ಪೇಢೆಯ ಡಬ್ಬಿ ಹಿಡಿದು ಬಂದರು. ಜೊತೆಗೆ ಹೆಂಡತಿ ಜಿಜಾಬಾಯಿ. "ನಿಮ್ಮ ಪತ್ರಿಕೆ ಬರೋ ದಿನ ಇವರು ಊಟಾನೂ ಬಿಟ್ಟು ಪೋಸ್ಟಿನ ದಾರಿ ಕಾಯ್ತಾರ್ರಿ. ಎದಿಯೊಳಗ ಸ್ಟೆಂಟ್ ಹಾಕ್ಯಾರ. ಅದೊಂದು ಅಚ್ಚಾದ್ರ ಸಾಕು ಅಂತಾರ" ಎಂದಳು. ನಾನು ಬಾಯಿ ತೆಗೆದೆ. ಬಾಯೊಳಗೆ ಪೇಢೆ ಇತ್ತು. "ಬರೋ ಐತವಾರ ಓದಿ ತೀರ್ಮಾನ ಮಾಡ್ತೀವಿ" ಎಂದುಬಿಟ್ಟೆ. ಬಕ್ಕಪ್ಪ ನನ್ನ ಮುಖ ನೋಡಿದರು, ಡಬ್ಬಿಯಿಂದ ಇನ್ನೊಂದು ಪೇಢೆ ತೆಗೆದು ನನ್ನ ಕೈಗಿಟ್ಟರು. ಬೈದಿದ್ದರೆ ಚಲೋ ಇತ್ತು.

ಆ ಐತವಾರ ಬಕ್ಕಪ್ಪ ಜೀವಮಾನದಲ್ಲಿ ಮೊದಲ ಸಲ ಬೇಕಂತಲೇ ಕೆಟ್ಟದಾಗಿ ಓದಿದರು.

"ಕಾಶಿಯ ರೈಲದು ಕೂಗುತ ಬಂತು,
ಕಾಲಿಡಲೂ ಜಾಗವೆ ಇರದಾಯ್ತು..."

ನಡುವೆ ಕೆಮ್ಮಿದರು, ಸಾಲು ಹಾರಿಸಿದರು, ಒಂದೇ ಪದ್ಯವನ್ನು ಎರಡು ಸಲ ಓದಿದರು. ಹತ್ತನೆಯ ಪದ್ಯ ಮುಗಿಯುತ್ತಲೇ ಎಡಗೈ ಎದ್ದಿತು.

ಬಕ್ಕಪ್ಪ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದು ಕೂತರು.

"ಸಲಾ, ಇಲ್ಲಿ ನೋಡು. ಇಷ್ಟು ವರ್ಷ ನನ್ನ ಬದ್ಲಿ ನೀನೇ ಬ್ಯಾಡ ಅಂದಿ. ಮಂದಿ ನಿನಗ ಬೈದ್ರು, ನನಗ ಚಹಾ ಕುಡಿಸಿದ್ರು. ನನಗ ಅನ್ನಾಕ ಬರಲ್ಲ, ನಿನಗ ಗೊತ್ತದ. ಒಂದೇ ಒಂದು ಸಲ ಬ್ಯಾಡ ಅನ್ನಪಾ. ನಿನ್ನ ಕಾಲಿಗೆ ಬೀಳ್ತೀನಿ."

ಸಲಾವುದ್ದೀನ್ ಪೂರ್ತಿ ಕೇಳಿಸಿಕೊಂಡ. ಗೆಳೆಯನ ತುಟಿಯನ್ನೇ ನೋಡುತ್ತಿದ್ದ. ಅವನ ಮುಖ ಅರಳಿತು. ಎಡಗೈ ಎದ್ದಿತು, ಹಿಂದೆಂದೂ ಏಳದಷ್ಟು ಮೇಲಕ್ಕೆ.

ನಾನು ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿದೆ.

ಬಕ್ಕಪ್ಪ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗೆ ಇಳಿಸಿದರು. "ಆಯ್ತು ಬಿಡು" ಎಂದರು. ಕನ್ನಡಕ ಸರಿ ಮಾಡಿಕೊಂಡು ಹನ್ನೊಂದನೆಯ ಪದ್ಯಕ್ಕೆ ಬಂದರು. ಈ ಸಲ ಕೆಮ್ಮಲಿಲ್ಲ, ಸಾಲು ಹಾರಿಸಲಿಲ್ಲ. ಇನ್ನೂ ನೂರ ತೊಂಬತ್ತು ಪದ್ಯ ಬಾಕಿ ಇದ್ದವು, ಚಲೋ ದನಿಯಲ್ಲಿ ಓದಿದರು.