ತಂಗಿಗೆ ನಾನು ಆರಿಸಿದ ಕೀಬೋರ್ಡ್

ಆಗುವುದಿಲ್ಲ ಅಂದವಳು ನಮ್ಮ ಅತ್ತಿ, ಅಪ್ಪನ ಅಕ್ಕ. ಕೊಂಡಾಪುರದ ನಮ್ಮ ಕೂಲಿಕಾರರ ಬಸ್ತಿಗೆ ನೀರಿನ ಟ್ಯಾಂಕರ್ ಬಂದಿದ್ದ ಒಂದು ಬೆಳಿಗ್ಗೆ, ಸಾಲಿನಲ್ಲಿ ಕೊಡ ಇಟ್ಟು, ಸೊಂಟದ ಮೇಲೆ ಕೈ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದಳು: "ಸಿಮೆಂಟ್ ಕಲಸೋರ ಮನಿಯಾಗ ಡಿಗ್ರಿ ಅಂತ! ಆಗೂ ಮಾತಾಡ್ರಿ. ಕಾಲೇಜ್ ಕಲ್ತಾಕೀನ ನನ್ನ ಮಗಾ ಮನಿಗೆ ಕರ್ಕೊಂಡು ಬಂದು ಏನ್ ಪೂಜಾ ಮಾಡಬೇಕೇನು?"

ಸಾಲು ನಕ್ಕಿತು. ನಾನು ಕೊಡ ತುಂಬಿಕೊಂಡು ಬಂದೆ.

ಆಯಿತು. ಮೂರು ವರ್ಷ ಬಸ್ಸಿನಲ್ಲಿ ನಿಂತು ಕೋಠಿಯ ಕಾಲೇಜಿಗೆ ಹೋದೆ, ನಿಂತೇ ಬಂದೆ. ಪುಸ್ತಕಗಳೆಲ್ಲ ಅಲ್ಲಿಯ ಫುಟ್‌ಪಾತಿನವು. ಯಾರೋ ಗೆರೆ ಎಳೆದು, ಯಾರೋ ಹಾಳೆ ಕಿತ್ತುಕೊಂಡು ಬಿಟ್ಟವು. ಕಿತ್ತುಹೋದ ಹಾಳೆಗಳನ್ನು ಗೆಳತಿಯರ ಪುಸ್ತಕ ನೋಡಿ ಕೈಯಲ್ಲಿ ಬರೆದುಕೊಂಡೆ. ಅಪ್ಪನ ಕಡೆ, ಅವ್ವನ ಕಡೆ, ಯಾದಗಿರಿಯಿಂದ ನಮ್ಮ ಜೊತೆ ಈ ತೆಲುಗು ನಗರಕ್ಕೆ ಕೆಲಸ ಹುಡುಕಿಕೊಂಡು ಬಂದ ಅಷ್ಟೂ ಮನೆಗಳಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆ ಇಲ್ಲ. ಆ ವರ್ಷಗಳಲ್ಲಿ ಕಂಪನಿಗಳು ಕಣ್ಣಿಗೆ ಬಿದ್ದವರನ್ನೆಲ್ಲ ಕೆಲಸಕ್ಕೆ ಕರೆಯುತ್ತಿದ್ದವು. ನನ್ನನ್ನೂ ಕರೆದವು. ಬಸ್ತಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಗಾಜಿನ ಕಟ್ಟಡ, ಕೊರಳಿಗೆ ಕಂಪನಿಯ ಗುರುತಿನ ಪಟ್ಟಿ, ಪಟ್ಟಿಯಲ್ಲಿ ನನ್ನ ಫೋಟೊ. ಬಸ್ತಿಯೊಳಗೆ ಬಂದಮೇಲೂ ಅದನ್ನು ಬಿಚ್ಚುತ್ತಿರಲಿಲ್ಲ.

ಆದರೆ ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ನಾನು ಡಿಗ್ರಿಗೆ ಸೇರಿದ ವರ್ಷ ತಂಗಿ ಹತ್ತನೆಯದು ಮುಗಿಸಿದ್ದಳು. ಅದೂ ತೆಲುಗು ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ. ಇಬ್ಬರನ್ನೂ ಓದಿಸುವುದು ಅಪ್ಪನಿಂದ ಆಗುತ್ತಿರಲಿಲ್ಲ. ಯಾರು ಓದಬೇಕು ಅಂತ ಮನೆಯಲ್ಲಿ ಯಾರೂ ಕೂತು ಮಾತಾಡಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳು ಅಪಾರ್ಟ್‌ಮೆಂಟುಗಳ ನಡುವಿನ ಒಂದು ಚಿಕ್ಕಮಕ್ಕಳ ಶಾಲೆಗೆ ಆಯಾ ಆಗಿ ಹೋದಳು. ಮಕ್ಕಳ ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಮಲಗಿಸುವುದು.

ಸಂಗೀತ ಇದ್ದದ್ದು ಅವಳಲ್ಲಿ. ಅಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಆದರೆ ಸೋಮವಾರದ ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಅವನದೇ. ಬಸ್ತಿಯ ತಗಡಿನ ಗುಡಿಯಲ್ಲಿ ಅವನ ಪಕ್ಕ ಕೂತು ಕೂತು ತಂಗಿ ಒಂಬತ್ತನೆಯ ವಯಸ್ಸಿಗೆ ಪೇಟಿ ಹಿಡಿದಳು. ಒಮ್ಮೆ ಕೇಳಿದ ಹಾಡು ಎರಡನೇ ಸಲಕ್ಕೆ ಅವಳ ಬೆರಳಲ್ಲಿರುತ್ತಿತ್ತು. ನನಗೆ ಕರಿ ಎರಡು ಯಾವುದು, ಬಿಳಿ ನಾಲ್ಕು ಯಾವುದು ಅಂತ ಇವತ್ತಿಗೂ ನೋಡಿಯೇ ಹೇಳಬೇಕು. ಪೇಟಿಯಲ್ಲಿ ಬಲಗೈ ಸ್ವರ ಹಿಡಿಯುತ್ತದೆ, ಎಡಗೈ ಹಿಂದಿನ ತಿದಿ ಒತ್ತುತ್ತದೆ. ದನಿ ಏರುವುದು ಇಳಿಯುವುದು ಎಲ್ಲ ತಿದಿಯಿಂದ. ಬೆರಳನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಎಷ್ಟು ಗೊತ್ತಿತ್ತೆಂದರೆ, ಬೇರೆ ಥರವೂ ಇರಬಹುದು ಅಂತ ಯಾರಿಗೂ ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ತಂಗಿ ಶಾಲೆಯ ಕೀಬೋರ್ಡ್ ಬಾರಿಸಿದ್ದಾಳೆ. ಹೆಡ್ ಮೇಡಂ ಬಾಗಿಲಲ್ಲಿ ನಿಂತು ಕೇಳಿದ್ದಾರೆ. ಬೈಯಲಿಲ್ಲ. ಸಂಗೀತದ ಟೀಚರ್ ಬಿಟ್ಟುಹೋಗುವವರಿದ್ದರು. "ಕೀಬೋರ್ಡ್ ಗ್ರೇಡ್ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತಂದುಕೊಡು, ಬರೋ ವರ್ಷದಿಂದ ನೀನೇ ಮಕ್ಕಳಿಗೆ ಹೇಳಿಕೊಡು" ಅಂದರು. ಆಮೇಲೆ ಕೀಬೋರ್ಡನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರು.

ಆಯಾ ಆಗಿದ್ದವಳು ಟೀಚರ್ ಆಗುವುದು. ಅಷ್ಟೇ ಸಂಗತಿ. ಆ ದಿನ ಅವಳು ಮನೆಗೆ ಓಡಿಕೊಂಡು ಬಂದಿದ್ದಳು, ಒಂದು ಕಾಲಿನ ಚಪ್ಪಲಿ ಕೈಯಲ್ಲಿತ್ತು, ಅದರ ಉಂಗುಷ್ಟ ಕಿತ್ತುಹೋಗಿತ್ತು.

ಟೈರ್ ಅಂಗಡಿಯ ಮೇಲಿನ ಒಂದು ಸಂಗೀತ ಕ್ಲಾಸಿಗೆ ಸೇರಿದಳು. ಮಾಸ್ತರರು ಮೊದಲ ವಾರವೇ ಮನೆಯಲ್ಲಿ ಸ್ವಂತ ಕೀಬೋರ್ಡ್ ಇರಲೇಬೇಕು ಅಂದರು. ನಾನು ಅಂದೆ, ಅದು ನನಗೆ ಬಿಡು.

ಒಂದು ವಾರ ಆಫೀಸಿನ ಇಂಟರ್ನೆಟ್ಟಿನಲ್ಲಿ ಓದಿದೆ. ಪಟ್ಟಿ ಮಾಡಿದೆ, ಕಂಪ್ಯೂಟರಿನಲ್ಲಿ, ಚೌಕ ಚೌಕ ಗೆರೆ ಹಾಕಿ. ಎಷ್ಟು ಕೀ, ಎಷ್ಟು ವಾದ್ಯಗಳ ದನಿ, ಎಷ್ಟು ತಾಳ, ರೆಕಾರ್ಡಿಂಗ್ ಇದೆಯೋ ಇಲ್ಲವೋ. ಬೆರಳಿನ ಒತ್ತಡಕ್ಕೆ ಕೀ ಸ್ಪಂದಿಸುತ್ತದೆಯೇ ಅಂತಲೂ ಒಂದು ಕಾಲಂ ಬಂದಿತ್ತು. ಅದೇನೆಂದು ನನಗೆ ತಿಳಿಯಲಿಲ್ಲ. ತಿಳಿಯದ್ದನ್ನು ತಂಗಿಯನ್ನು ಕೇಳಬಹುದಿತ್ತು. ನಾನು ಆ ಕಾಲಂ ಅಳಿಸಿದೆ. ಪ್ರಿಂಟ್ ಒಂದೇ ಹಾಳೆಯಲ್ಲಿ ಚೆಂದ ಬಂತು.

ಭಾನುವಾರ ಬೆಳಿಗ್ಗೆ ತಂಗಿ ಜಡೆ ಹಾಕಿಕೊಂಡು ತಯಾರಾಗಿ ನಿಂತಿದ್ದಳು.

"ಅಕ್ಕಾ, ನಾನೂ ಬರ್ತೀನಿ."

"ನೀ ಬಂದು ಏನ್ ಮಾಡ್ತಿ? ಡಬ್ಬಿ ಮ್ಯಾಲೆ ಇಂಗ್ಲಿಷಿನ್ಯಾಗ ಬರದಿದ್ದು ಓದಾಕ ಬರ್ತೈತೇನು ನಿನಗ?"

ಹಾಗೆ ಅಂದೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನ ಕಡೆ ನೋಡಿದಳು, ಮತ್ತೆ ಬಡಿದಳು. ತಂಗಿ ಬಾರಿಸಿ ನೋಡಲಿ ಅಂತ ಅಪ್ಪನೂ ಅನ್ನಲಿಲ್ಲ. ಪೇಟಿ ಬಲ್ಲವನು ತಾನಿದ್ದೇನಲ್ಲ ಅಂತ ಅವನಿಗೆ.

ನಾನೂ ಅಪ್ಪನೂ ಹೋದದ್ದು ಕೋಠಿಯ ಗಲ್ಲಿಯೊಂದರ ವಾದ್ಯದ ಅಂಗಡಿಗೆ. ಅಂಗಡಿಯವರು ವಯಸ್ಸಾದ ಸಾಹೇಬರು, ತಬಲಾದ ಮೇಲೆ ಕೈ ಇಟ್ಟುಕೊಂಡೇ ಮಾತಾಡುವವರು. ನನ್ನ ಪ್ರಿಂಟನ್ನು ತಿರುವಿ ನೋಡಿ, ಹಿಂದೆ ಕೊಟ್ಟು, "ಬಜಾನೇವಾಲಿ ಕೌನ್ ಅಮ್ಮಾ?" ಅಂದರು. ಬಾರಿಸುವವಳು ತಂಗಿ, ಮನೆಯಲ್ಲಿದ್ದಾಳೆ ಅಂದೆ. ಬಾರಿಸುವವರೇ ಬಂದು ಮುಟ್ಟಿ ನೋಡಬೇಕು, ಮುಂದಿನ ಭಾನುವಾರ ಕರೆದುಕೊಂಡು ಬನ್ನಿ ಅಂದರು. ನಾನು ಕೊರಳ ಪಟ್ಟಿ ಸರಿ ಮಾಡಿಕೊಂಡು, ಎಲ್ಲ ಓದಿಕೊಂಡೇ ಬಂದಿದ್ದೇನೆ, ಅಂದೆ. ಭಾನುವಾರವೂ ಪಟ್ಟಿ ಹಾಕಿಕೊಂಡು ಹೋಗಿದ್ದೆ.

ಸಾಹೇಬರು ಎರಡನ್ನು ಮುಂದಿಟ್ಟರು. ಒಂದು ಬೆಳ್ಳಿ ಬಣ್ಣದ್ದು, ದೀಪಗಳು, ಗುಂಡಿಗಳು, ಒತ್ತಿದರೆ ಡೋಲು, ಮತ್ತೊಂದು ಒತ್ತಿದರೆ ಪಿಟೀಲು. ಇನ್ನೊಂದು ಬರೀ ಕರಿದು, ದೀಪ ಗೀಪ ಇಲ್ಲ. ಬೆಲೆ ಹೆಚ್ಚು ಕಡಿಮೆ ಒಂದೇ. ಸಾಹೇಬರು ಕರಿಯದರ ಒಂದು ಕೀಯನ್ನು ಹೂವಿನ ಮೇಲೆ ಕೈ ಇಟ್ಟ ಹಾಗೆ ಒತ್ತಿದರು, ಕೇಳಿಯೂ ಕೇಳದಂಥ ದನಿ ಬಂತು. ಜೋರಾಗಿ ಒತ್ತಿದರು, ಅಂಗಡಿ ತುಂಬಿತು. ಕಲಿಯುವವರಿಗೆ ಇದು, ಅಂದರು.

ಅಪ್ಪ ನಕ್ಕ. "ಬೆರಳಿನ ಕೆಲಸ ಸ್ವರ ಹಿಡಿಯೂದು. ದನಿ ಏರ್ಸೂದು ಇಳಿಸೂದು ತಿದಿ ಕೆಲಸ. ಇದರಾಗ ತಿದಿ ಬದಲಿ ವಾಲ್ಯೂಮ್ ಗುಂಡಿ ಐತಲ್ಲ, ಸಾಕು." ಬೆಳ್ಳಿಯದರ ಮುಂದೆ ಕೂತು ಭಜನೆಯ ಒಂದು ಸಾಲು ಬಾರಿಸಿದ. ಎಡಗೈ ತಾನಾಗಿಯೇ ಹಿಂದೆ ಹೋಗಿ ಗಾಳಿಯಲ್ಲಿ ತಿದಿ ಹುಡುಕಿತು. "ಸುರ್ ಖರೇ ಐತಿ" ಅಂದ. ನಾನು ಪ್ರಿಂಟ್ ನೋಡಿದೆ. ಬೆಳ್ಳಿಯದಕ್ಕೆ ಪ್ರತಿ ಕಾಲಮ್ಮಿನಲ್ಲೂ ಹೆಚ್ಚು ಇತ್ತು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆವು. ಬಸ್ತಿಯ ಮಕ್ಕಳೆಲ್ಲ ಕೂಡಿದರು. ಅತ್ತಿಯೂ ಬಂದಳು. ಅಪ್ಪ ಒಂದು ಗುಂಡಿ ಒತ್ತಿದ, ಯಂತ್ರ ತಾನೇ ತಾನು ಡೋಲು ಬಾರಿಸತೊಡಗಿತು.

"ತಮ್ಮಾ, ಇದು ತಾನ ಬಾರಿಸ್ಕೋತೈತಿ, ತಾನ ಹಾಡ್ಕೋತೈತಿ" ಅಂದಳು ಅತ್ತಿ. "ನಿನ್ನ ಸಣ್ಣ ಮಗಳು ಯಾಕ ಬೇಕು? ಇದನ್ನ ಟೀಚರ್ ಕೆಲಸಕ್ಕ ಕಳ್ಸು."

ಎಲ್ಲರೂ ನಕ್ಕರು, ತಂಗಿ ನಗಲಿಲ್ಲ. ಅವಳು ಒಂದು ಕೀಯನ್ನು ಮೆಲ್ಲಗೆ ಒತ್ತಿದಳು. ಅದನ್ನೇ ಜೋರಾಗಿ ಒತ್ತಿದಳು. ಮತ್ತೊಮ್ಮೆ ಮೆಲ್ಲಗೆ. ನನ್ನನ್ನು ನೋಡಿದಳು.

"ಚಲೋ ಐತಿ, ಅಕ್ಕಾ."

ಹತ್ತು ದಿನ ಕಳೆದ ಮೇಲೆ, ನಾನು ಆಫೀಸಿಗೆ ಹೊರಟಾಗ ಬಾಗಿಲ ಹತ್ತಿರ ನಿಲ್ಲಿಸಿದಳು. "ಅಕ್ಕಾ, ಸಿಟ್ಟಾಗಬ್ಯಾಡ. ಇದನ್ನ ಬದಲಿ ಮಾಡಾಕ ಬರ್ತೈತೇನು? ಮೆಲ್ಲಕ ಒತ್ತಿದರೂ ಅಷ್ಟ, ಜೋರ್ ಒತ್ತಿದರೂ ಅಷ್ಟ. ಸಾಲ್ಯಾಗಿಂದು ಹಂಗಿಲ್ಲ. ಮಾಸ್ತರೂ ಇದು ನಡಿಯೂದಿಲ್ಲ ಅಂದ್ರು."

ಡಬ್ಬಿ ಇನ್ನೂ ಮಂಚದ ಕೆಳಗಿತ್ತು. ಬಿಲ್ಲು ನನ್ನ ಪರ್ಸಿನಲ್ಲಿತ್ತು. ಸಾಹೇಬರು ಬದಲಿಸಿ ಕೊಡುತ್ತಿದ್ದರು, ಅಂಥ ಮನುಷ್ಯ. ಆದರೆ ಹೋಗಿ ಏನೆಂದು ಹೇಳಲಿ? ನೀವು ಹೇಳಿದ್ದೇ ಸರಿ, ಹತ್ತನೆಯದು ಓದಿದ ತಂಗಿ ಹೇಳಿದ್ದೇ ಸರಿ, ನನ್ನ ಪ್ರಿಂಟ್ ತಪ್ಪು ಅಂತಲೇ?

"ನಾನು ಹಾಳಿ ಹರದ ಪುಸ್ತಕ ಓದಿ ಡಿಗ್ರಿ ಮುಗಿಸೀನಿ" ಅಂದೆ. "ನಿನಗ ಹೊಸಾದ ತಂದು ಕೊಟ್ರೂ ಕೀ ಸರಿ ಇಲ್ಲಂತ. ಕಲಿಯೋರಿಗೆ ಯಾವುದಾದರೇನು?"

ಅವಳು ಬಾಗಿಲು ಬಿಟ್ಟು ಸರಿದಳು. ಆಮೇಲೆ ಎಂಟು ತಿಂಗಳು ಆ ಮಾತು ಎತ್ತಲಿಲ್ಲ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅದರ ಮುಂದೆ ಕೂಡುತ್ತಿದ್ದಳು. ಕೇಳಿಸುತ್ತಿತ್ತು. ನನ್ನ ಕಿವಿಗೂ ಗೊತ್ತಾಗುತ್ತಿತ್ತು, ಎಲ್ಲ ಸ್ವರಗಳೂ ಒಂದೇ ಅಳತೆಗೆ ಕೊಯ್ದ ಇಟ್ಟಿಗೆಯ ಹಾಗೆ ಸಾಲಾಗಿ ಬರುತ್ತಿದ್ದವು.

ಪರೀಕ್ಷೆಯಲ್ಲಿ ಪಾಸಾಗಲಿಲ್ಲ.

ಫಲಿತಾಂಶದ ಕಾಗದ ತಂದು ನನ್ನ ಕೈಗೆ ಕೊಟ್ಟಳು. ಇಂಗ್ಲಿಷಿನಲ್ಲಿತ್ತು, ಪರೀಕ್ಷಕರ ಕೈಬರಹ. "ನೀನ ಓದು, ಅಕ್ಕಾ. ಏನ್ ಬರದಾರ?"

ಬರೆದದ್ದು ಇಷ್ಟು: ಸ್ವರ ಸರಿ ಇದೆ. ತಾಳ ಬಹಳ ಚೆನ್ನಾಗಿದೆ. ಕಿವಿ ಅಪರೂಪದ್ದು. ಆದರೆ ಬೆರಳಿಗೆ ಹಗುರ ಭಾರದ ವ್ಯತ್ಯಾಸವೇ ಗೊತ್ತಿಲ್ಲ. ಒಳ್ಳೆಯ ಕೀಬೋರ್ಡಿನಲ್ಲಿ ಅಭ್ಯಾಸ ಮಾಡಿಲ್ಲವೆಂದು ಕಾಣುತ್ತದೆ.

ನಾನು ಎರಡು ಸಲ ಓದಿದೆ, ಮನಸ್ಸಿನಲ್ಲಿ. ಬಾಯಿಬಿಟ್ಟು ಹೇಳಿದ್ದು ಬೇರೆ. "ಪ್ರಾಕ್ಟೀಸ್ ಕಮ್ಮಿ ಆಗೈತಿ ಅಂತ ಬರದಾರ. ಮುಂದಿನ ಸಲ ಇನ್ನಷ್ಟು ಮಾಡಬೇಕಂತ."

"ಅಷ್ಟ ಏನು?"

"ಅಷ್ಟ."

ಕಿವಿ ಅಪರೂಪದ್ದು ಅನ್ನುವುದನ್ನೂ ಹೇಳಲಿಲ್ಲ. ಅದೊಂದನ್ನಾದರೂ ಹೇಳಬಹುದಿತ್ತು. ಹೇಳಿದ್ದರೆ ಮುಂದಿನ ಸಾಲು ಕೇಳುತ್ತಿದ್ದಳು. ಅತ್ತಿ ಆಗ ಅಲ್ಲೇ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಶಾಲೆಯವರು ಕಾಯಲಿಲ್ಲ. ಜೂನಿಗೆ ಹೊಸ ಟೀಚರ್ ಬಂದರು, ಮೈಸೂರಿನವರು, ಗಂಡನಿಗೆ ಇಲ್ಲಿ ಕಂಪನಿ ಕೆಲಸ. ತಂಗಿ ಅವರ ಕೀಬೋರ್ಡಿನ ಮೇಲಿನ ಬಟ್ಟೆ ತೆಗೆಯುವುದು, ಒರೆಸುವುದು, ಮತ್ತೆ ಮುಚ್ಚುವುದು ಮಾಡುತ್ತಿದ್ದಳು. ಒಂದು ದಿನ ಅವರು, "ನೀನು ಕನ್ನಡದೋಳಾ? ಮೊದಲೇ ಹೇಳಬಾರದಾ?" ಅಂದರಂತೆ. ಬಾರಿಸಲು ಹೇಳಿದರಂತೆ. ಕೇಳಿ, ಮಕ್ಕಳು ಹೋದಮೇಲೆ ದಿನಾ ಒಂದು ಗಂಟೆ ಇಲ್ಲಿ ಕೂತ್ಕೋ, ಹೆಡ್ ಮೇಡಂಗೆ ನಾನು ಹೇಳ್ತೀನಿ ಅಂದರಂತೆ. ಇದೆಲ್ಲ ಅವ್ವ ಹೇಳಿ ನನಗೆ ಗೊತ್ತಾದದ್ದು. ತಂಗಿ ನನಗೆ ಶಾಲೆಯ ಸುದ್ದಿ ಹೇಳುವುದನ್ನು ನಿಲ್ಲಿಸಿದ್ದಳು. ಬೆಳ್ಳಿಯ ಕೀಬೋರ್ಡ್ ಅಲಮಾರಿಯ ಮೇಲೇರಿತ್ತು. ಅದರ ಮೇಲೆ ಅವ್ವ ಮಡಚಿದ ಚಾದರ ಇಡುತ್ತಿದ್ದಳು. ಅಪ್ಪ ಅದರ ಕಡೆ ನೋಡುತ್ತಿರಲಿಲ್ಲ. ಒಮ್ಮೆ ಮಾತ್ರ, ಪೇಟಿ ಒರೆಸುತ್ತ, "ತಪ್ಪು ನಂದೂ ಐತಿ" ಅಂದ. ನಾನು ಕೇಳಿಸಿಕೊಳ್ಳದವಳ ಹಾಗೆ ಇದ್ದೆ. "ನಂದೂ" ಅಂದಿದ್ದ, ಅದಕ್ಕೆ.

ಎರಡನೇ ಸಲ ತಂಗಿ ಪಾಸಾದಳು. ಚೆನ್ನಾಗಿಯೇ ಪಾಸಾದಳು. ಆದರೆ ಶಾಲೆಯಲ್ಲಿ ಆ ಜಾಗ ಖಾಲಿ ಇರಲಿಲ್ಲ. ಮೈಸೂರಿನ ಟೀಚರ್ ಇದ್ದರು, ಮುಂದೆಯೂ ಇರುವವರೇ ಆಗಿದ್ದರು, ಅವರದೇನು ತಪ್ಪು? ತಂಗಿ ಸರ್ಟಿಫಿಕೇಟ್ ಪಡೆದ ಆಯಾ ಆದಳು, ಅಷ್ಟೆ.

ಆ ಸರ್ಟಿಫಿಕೇಟ್ ಕೊಡುವ ದಿನ ಅವ್ವನಿಗೆ ಜ್ವರ. ಅಪ್ಪನಿಗೆ ಪಟಾನ್‌ಚೆರುವಿನ ಒಂದು ಫ್ಯಾಕ್ಟರಿಯಲ್ಲಿ ಗೋಡೆ ಕೆಲಸ, ರಜೆ ಸಿಗಲಿಲ್ಲ. ಹಿರಿಯರು ಯಾರಾದರೂ ಬೇಕು ಅಂತ ಅತ್ತಿ ಹೊರಟಳು, ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದು. ನಾನು ಆಫೀಸಿನಿಂದ ನೇರ ಹೋದೆ. ಟೈರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವಾಗ ಅತ್ತಿ ಏದುಸಿರು ಬಿಡುತ್ತ ನನ್ನ ಕೊರಳ ಪಟ್ಟಿ ನೋಡಿ, "ಅದನ್ನ ಇವತ್ತರ ತಗದಿಡವಾ" ಅಂದಳು. ತೆಗೆದು ಪರ್ಸಿನಲ್ಲಿಟ್ಟೆ.

ಮಾಸ್ತರರು ಒಬ್ಬೊಬ್ಬರನ್ನೇ ಕರೆದು ಕೊಟ್ಟರು. ಹೆಚ್ಚಿನವರು ಅಪಾರ್ಟ್‌ಮೆಂಟಿನ ಮಕ್ಕಳು, ತಂಗಿಯ ಸೊಂಟದಷ್ಟು ಎತ್ತರದವರು. ತಂಗಿ ಎರಡೂ ಕೈಯಲ್ಲಿ ಸರ್ಟಿಫಿಕೇಟ್ ಹಿಡಿದುಕೊಂಡು ನಮ್ಮ ಹತ್ತಿರ ಬಂದಳು. ಅದರ ಜೊತೆ ಪರೀಕ್ಷಕರ ಕಾಗದವೂ ಇತ್ತು, ಅದೇ ಕೈಬರಹ, ಅಥವಾ ನನಗೆ ಹಾಗೆ ಕಂಡಿತು. ಅಭ್ಯಾಸ ಬಲದಿಂದ ನಾನು ಕೈ ಚಾಚಿದೆ.

"ತಾ ಇಲ್ಲಿ, ಓದಿ ಹೇಳ್ತೀನಿ."

ಅತ್ತಿ ನಡುವೆ ಬಂದು ತಂಗಿಯ ಮುಡಿಗೆ ಹೂವು ಸಿಕ್ಕಿಸತೊಡಗಿದಳು. ಸಿಕ್ಕಿಸುತ್ತಲೇ, ನನ್ನ ಕಡೆ ತಿರುಗದೆ, ಮೆಲ್ಲನೆಯ ದನಿಯಲ್ಲಿ ಅಂದಳು:

"ಬ್ಯಾಡವಾ. ಆಕಿ ತನ್ನ ಸಾಲಿ ಟೀಚರ್ ಕಡೆ ಓದಿಸ್ಕೋತಾಳ. ಹ್ವಾದ ಸಲದ ಕಾಗದಾನೂ ಅಲ್ಲೇ ಓದಿಸ್ಕೊಂಡು ಬಂದಿದ್ಲು."